ಪಡೆಯದೇ ಉಳಿದ ನೆರವು: ಬ್ರಿಟನ್ನಿನ ಕೌನ್ಸಿಲ್‌ಗಳು ಪಟ್ಟಿ ಹಿಡಿದು ಹೊರಟ ಕಥೆ

2024ರ ಜುಲೈ ಕೊನೆಯಲ್ಲಿ ಬ್ರಿಟನ್ನಿನ ಹೊಸ ಸರ್ಕಾರ ಒಂದು ನಿರ್ಧಾರ ಪ್ರಕಟಿಸಿತು. ಅದುವರೆಗೆ ಹೆಚ್ಚುಕಡಿಮೆ ಎಲ್ಲ ಹಿರಿಯರಿಗೂ ಸಿಗುತ್ತಿದ್ದ 200 ಅಥವಾ 300 ಪೌಂಡುಗಳ ಚಳಿಗಾಲದ ಇಂಧನ ನೆರವು, ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇನ್ನು ಮುಂದೆ ಪೆನ್ಷನ್ ಕ್ರೆಡಿಟ್‌ನಂತಹ ಆದಾಯಾಧಾರಿತ ಸವಲತ್ತು ಪಡೆಯುತ್ತಿರುವವರಿಗೆ ಮಾತ್ರ ಎಂಬುದು ಅದರ ಸಾರ. ಆದಾಯ ಒಂದು ಮಿತಿಗಿಂತ ಕಡಿಮೆಯಿರುವ ಹಿರಿಯರಿಗೆ ಆ ಕೊರತೆ ತುಂಬಿಕೊಡುವ ನೆರವೇ ಪೆನ್ಷನ್ ಕ್ರೆಡಿಟ್. ಉಳ್ಳವರಿಗೇಕೆ ನೆರವು ಎಂಬ ಈ ವಾದ ಕೇಳುವುದಕ್ಕೆ ಸರಿಯಾಗಿಯೇ ಇತ್ತು. ಆದರೆ ಪೆನ್ಷನ್ ಕ್ರೆಡಿಟ್‌ಗೆ ಅರ್ಹರಾಗಿದ್ದೂ ಅದನ್ನು ಪಡೆಯದೇ ಇರುವ ಕುಟುಂಬಗಳು 8,80,000ದಷ್ಟು ಇರಬಹುದೆಂದು ಸರ್ಕಾರದ್ದೇ ಅಂದಾಜು ಹೇಳುತ್ತಿತ್ತು. ಒಂದು ನೆರವನ್ನು ಕೇಳಿ ಪಡೆಯದ ತಪ್ಪಿಗೆ ಈ ಬಡ ಹಿರಿಯರು ಎರಡನೆಯದನ್ನೂ ಕಳೆದುಕೊಳ್ಳಬೇಕಾಯಿತು. ಅವರನ್ನು ಹುಡುಕಿ ಅರ್ಜಿ ಹಾಕಿಸಲು ಸಹಕರಿಸಿ ಎಂದು ಕೇಂದ್ರ ಸರ್ಕಾರ ಕೌನ್ಸಿಲ್‌ಗಳನ್ನು, ಅಂದರೆ ಸ್ಥಳೀಯ ಆಡಳಿತ ಸಂಸ್ಥೆಗಳನ್ನು, ಕೇಳಿಕೊಂಡಿತು. ಅಂಥವರ ವಿವರ ಕೌನ್ಸಿಲ್‌ಗಳ ಬಳಿ ಇತ್ತೇ? ಬಹುಮಟ್ಟಿಗೆ ಇತ್ತು. ಅದು ಅಲ್ಲಿಗೆ ಹೇಗೆ ಬಂತು, ಇಷ್ಟು ವರ್ಷ ಯಾತಕ್ಕೆ ಬಳಕೆಯಾಯಿತು ಎಂಬುದೇ ಈ ವಿಷಯದ ಸಿಕ್ಕು.

ಎರಡನೇ ಮಹಾಯುದ್ಧದ ನಂತರ, 1948ರಲ್ಲಿ, ಹಳೆಯ ಬಡವರ ಕಾಯ್ದೆ ಹೋಗಿ ರಾಷ್ಟ್ರೀಯ ನೆರವಿನ ಯೋಜನೆ ಬಂತು. 1966ರಲ್ಲಿ ಅದರ ಹೆಸರು ಬದಲಾಯಿತು, 1988ರಲ್ಲಿ ಮತ್ತೊಮ್ಮೆ ಬದಲಾಯಿತು, ಕೈಚಾಚುವುದಕ್ಕೆ ಅಂಜುವ ಜನರ ಸಂಕೋಚ ಮಾತ್ರ ಬದಲಾಗಲಿಲ್ಲ. 1930ರ ದಶಕದಲ್ಲಿ ಅಧಿಕಾರಿಗಳು ಮನೆಯೊಳಗೆ ಬಂದು ಆದಾಯ ಲೆಕ್ಕ ಹಾಕಿದ್ದನ್ನು ಕಂಡವರು, ಮುಪ್ಪಿನಲ್ಲಿ ಅದೇ ಪರೀಕ್ಷೆಗೆ ಒಡ್ಡಿಕೊಳ್ಳಲು ಮನಸ್ಸು ಮಾಡಲಿಲ್ಲ. ಅರ್ಹ ಹಿರಿಯರಲ್ಲಿ ಬಹಳ ಮಂದಿ ನೆರವು ಕೇಳುತ್ತಲೇ ಇಲ್ಲ ಎಂಬುದು 1960ರ ದಶಕದ ಸರ್ಕಾರಿ ಸಮೀಕ್ಷೆಯಲ್ಲೇ ದಾಖಲಾಗಿದೆ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಕೆಲವು ಕೌನ್ಸಿಲ್‌ಗಳು ಸವಲತ್ತುಗಳ ಬಗ್ಗೆ ಸಲಹೆ ಕೊಡುವ ಅಧಿಕಾರಿಗಳನ್ನು ನೇಮಿಸಿದವು, ಕರಪತ್ರ ಹಂಚಿದವು. ಆದರೆ ಕರಪತ್ರ ಎಲ್ಲರ ಮನೆಗೂ ಹೋಗುತ್ತಿತ್ತು. ಅದರ ಅಗತ್ಯ ಯಾರಿಗಿದೆಯೆಂದು ಹಂಚುವವರಿಗೆ ಗೊತ್ತಿರುತ್ತಿರಲಿಲ್ಲ.

ಅದು ಗೊತ್ತಾಗುವ ವ್ಯವಸ್ಥೆ ಹುಟ್ಟಿದ್ದು ಬೇರೆಯೇ ಕಾರಣಕ್ಕೆ. 1982–83ರಲ್ಲಿ ಬಾಡಿಗೆ ನೆರವಿನ, ಅಂದರೆ ಹೌಸಿಂಗ್ ಬೆನಿಫಿಟ್‌ನ, ಆಡಳಿತವನ್ನು ಕೌನ್ಸಿಲ್‌ಗಳಿಗೆ ವಹಿಸಲಾಯಿತು. 1993ರಲ್ಲಿ ಮನೆಗಳ ಮೇಲಿನ ಸ್ಥಳೀಯ ತೆರಿಗೆಯಾದ ಕೌನ್ಸಿಲ್ ತೆರಿಗೆ ಜಾರಿಯಾದಾಗ ಬಡವರಿಗೆ ಅದರಲ್ಲಿ ಕೊಡುವ ರಿಯಾಯಿತಿಯೂ ಅವುಗಳ ಪಾಲಿಗೆ ಬಂತು. ಬಾಡಿಗೆ ಎಷ್ಟು, ಪಿಂಚಣಿ ಎಷ್ಟು, ಉಳಿತಾಯ ಎಷ್ಟು, ಮನೆಯಲ್ಲಿ ಯಾರ್‍ಯಾರಿದ್ದಾರೆ, ಅಂಗವೈಕಲ್ಯವಿದೆಯೇ ಎಂಬ ವಿವರಗಳೆಲ್ಲ ಹೀಗೆ ಕೌನ್ಸಿಲ್ ಕಚೇರಿಯ ಕಡತಗಳಲ್ಲಿ, ಆಮೇಲೆ ಕಂಪ್ಯೂಟರುಗಳಲ್ಲಿ, ಒಟ್ಟಾದವು. ಇವನ್ನು ಬೇರೆ ಇಲಾಖೆಗಳ ದಾಖಲೆಗಳ ಜೊತೆ ತಾಳೆ ನೋಡುವ ಕೆಲಸವೂ ತಡವಾಗಲಿಲ್ಲ. 1996ರಿಂದ ನಡೆಯುತ್ತಿರುವ ರಾಷ್ಟ್ರೀಯ ವಂಚನೆ ಪತ್ತೆ ಕಾರ್ಯಕ್ರಮ, ಸಲ್ಲದವರು ನೆರವು ಪಡೆಯುತ್ತಿದ್ದಾರೆಯೇ ಎಂಬುದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುತ್ತ ಬಂದಿದೆ. ಸಲ್ಲಬೇಕಾದವರು ಪಡೆಯದೇ ಉಳಿದಿದ್ದಾರೆಯೇ ಎಂದು ಅವೇ ದಾಖಲೆಗಳನ್ನು ಕೇಳಲು ಇನ್ನೂ ಎರಡು ದಶಕ ಬೇಕಾಯಿತು. ತಂತ್ರಜ್ಞಾನವಿರಲಿಲ್ಲ ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದಿಲ್ಲ.

ಈ ನಡುವೆ 2003ರಲ್ಲಿ ಪೆನ್ಷನ್ ಕ್ರೆಡಿಟ್ ಬಂತು. 2010ರ ಸುಮಾರಿಗೆ ಸರ್ಕಾರವೇ ಒಂದು ಕುತೂಹಲಕಾರಿ ಪ್ರಯೋಗ ಮಾಡಿತು. ಅರ್ಹರಿರಬಹುದೆಂದು ದಾಖಲೆಗಳಿಂದ ಅಂದಾಜಿಸಿದ ಸುಮಾರು 2,000 ಹಿರಿಯರಿಗೆ, ಅರ್ಜಿ ಇಲ್ಲದೆಯೇ, 12 ವಾರ ಹಣ ಪಾವತಿಸಿತು. ಅವಧಿ ಮುಗಿದ ಮೇಲೆ, ಮುಂದುವರಿಯಬೇಕಾದರೆ ಅರ್ಜಿ ಹಾಕಿ ಎಂದಿತು. ಬಹುಪಾಲು ಮಂದಿ ಹಾಕಲಿಲ್ಲ. ಕೈಗೆ ಬಂದು ರುಚಿ ಕಂಡ ಹಣಕ್ಕೂ ಅರ್ಜಿ ಹಾಕದವರು, ಕರಪತ್ರ ಓದಿ ಹಾಕುತ್ತಾರೆಂದು ನಂಬುವುದು ಕಷ್ಟ. ಅರ್ಜಿಯೆಂಬ ಹೊಸ್ತಿಲನ್ನೇ ತಗ್ಗಿಸಬೇಕು ಎಂಬ ತೀರ್ಮಾನಕ್ಕೆ ಬರಲು ಇಷ್ಟು ಸಾಕಿತ್ತು, ಆದರೆ ಸ್ವಯಂಚಾಲಿತ ಪಾವತಿಯ ವಿಚಾರ ಅಲ್ಲಿಗೇ ನಿಂತಿತು.

2013 ತಿರುವಿನ ವರ್ಷ. ಕುಟುಂಬವೊಂದಕ್ಕೆ ಸಿಗುವ ಒಟ್ಟು ನೆರವಿಗೆ ವರ್ಷಕ್ಕೆ 26,000 ಪೌಂಡುಗಳ ಮಿತಿ ಬಂತು, ಸಾಮಾಜಿಕ ವಸತಿಯಲ್ಲಿ (ಕಡಿಮೆ ಬಾಡಿಗೆಯ ಸಾರ್ವಜನಿಕ ಮನೆಗಳಲ್ಲಿ) ಹೆಚ್ಚುವರಿ ಕೋಣೆ ಇದ್ದವರ ಬಾಡಿಗೆ ನೆರವಿಗೆ ಕತ್ತರಿ ಬಿತ್ತು, ತೆರಿಗೆ ರಿಯಾಯಿತಿಯನ್ನು ಕಡಿಮೆ ಅನುದಾನದೊಂದಿಗೆ ಕೌನ್ಸಿಲ್‌ಗಳ ವಿವೇಚನೆಗೆ ಬಿಡಲಾಯಿತು, ಮತ್ತು ಆರು ಬೇರೆ ಬೇರೆ ನೆರವುಗಳನ್ನು ಒಂದುಗೂಡಿಸುವ ಯೂನಿವರ್ಸಲ್ ಕ್ರೆಡಿಟ್ ಶುರುವಾಯಿತು. ಯಾವ ಮನೆಗೆ ಯಾವ ಪೆಟ್ಟು ಬೀಳುತ್ತದೆಂದು ಕೌನ್ಸಿಲ್‌ಗಳು ಮೊದಲೇ ತಿಳಿಯಬೇಕಿತ್ತು, ಏಕೆಂದರೆ ಬಾಡಿಗೆ ಕಟ್ಟಲಾಗದೆ ಬೀದಿಗೆ ಬಂದವರಿಗೆ ಸೂರು ಒದಗಿಸುವ ಹೊಣೆ ಅವುಗಳದ್ದೇ. ಯೂನಿವರ್ಸಲ್ ಕ್ರೆಡಿಟ್‌ನ ಮೂಲ ಕಲ್ಪನೆ ರೂಪಿಸುವಲ್ಲಿ ಕೈಜೋಡಿಸಿದ್ದ ದೇವನ್ ಘೆಲಾನಿ ಸ್ಥಾಪಿಸಿದ ‘ಪಾಲಿಸಿ ಇನ್ ಪ್ರಾಕ್ಟೀಸ್’ ಸಂಸ್ಥೆ ಈ ಲೆಕ್ಕಾಚಾರದ ಕೆಲಸಕ್ಕೆ ಇಳಿಯಿತು. ಅದರಿಂದ ಬೆಳೆದದ್ದೇ ಇಂದು ಅನೇಕ ಕೌನ್ಸಿಲ್‌ಗಳು ಬಳಸುವ ‘ಲಿಫ್ಟ್’ ಎಂಬ ತಂತ್ರಾಂಶ. ಕಡಿತದಿಂದ ನಷ್ಟವಾದವರನ್ನು ಗುರುತಿಸಲು ಮಾಡಿದ ಲೆಕ್ಕವೇ, ನೆರವು ಪಡೆಯದೇ ಉಳಿದವರನ್ನೂ ತೋರಿಸಿಕೊಟ್ಟಿತು.

ಕೆಲಸ ನಡೆಯುವ ಬಗೆ ಸರಳ. ಬಾಡಿಗೆ ನೆರವು ಪಡೆಯುತ್ತಿರುವ 76 ವರ್ಷದ ಒಬ್ಬಂಟಿ ವಿಧವೆಯೊಬ್ಬರ ವಾರದ ಆದಾಯ 190 ಪೌಂಡ್, ಉಳಿತಾಯ ಅಷ್ಟಕ್ಕಷ್ಟೇ ಎಂದುಕೊಳ್ಳೋಣ. 2024–25ರಲ್ಲಿ ಒಬ್ಬಂಟಿ ಹಿರಿಯರ ಪೆನ್ಷನ್ ಕ್ರೆಡಿಟ್ ಮಿತಿ ವಾರಕ್ಕೆ 218.15 ಪೌಂಡ್. ಅಂದರೆ ಅವರಿಗೆ ವಾರಕ್ಕೆ 28.15 ಪೌಂಡ್ ಸಲ್ಲಬೇಕು. ಈ ಆದಾಯದ ವಿವರ ಕೌನ್ಸಿಲ್‌ನ ಕಡತದಲ್ಲಿ ಮೊದಲೇ ಇದೆ, ಮಿತಿ ಎಷ್ಟೆಂದು ಎಲ್ಲರಿಗೂ ಗೊತ್ತಿದೆ, ಉಳಿದದ್ದು ಒಂದು ಕಳೆಯುವ ಲೆಕ್ಕ. ಆ 28 ಪೌಂಡುಗಳ ಹಿಂದೆ ಬರುವ ಸಾಲು ಇನ್ನೂ ದೊಡ್ಡದು: 75 ದಾಟಿದವರಿಗೆ ಉಚಿತ ಟಿವಿ ಲೈಸೆನ್ಸ್, ಹಲ್ಲಿನ ಚಿಕಿತ್ಸೆಗೆ ವಿನಾಯಿತಿ, ವಿಪರೀತ ಚಳಿಯ ವಾರಗಳಲ್ಲಿ ಹೆಚ್ಚುವರಿ ಹಣ. ತಂತ್ರಾಂಶ ಇಂಥವರ ಪಟ್ಟಿ ಕೊಡುತ್ತದೆ, ಕೌನ್ಸಿಲ್ ಅವರ ಹೆಸರಿಗೇ ಪತ್ರ ಬರೆಯುತ್ತದೆ, ಉತ್ತರ ಬಾರದಿದ್ದರೆ ಯಾರಾದರೂ ಫೋನ್ ಮಾಡುತ್ತಾರೆ. ಲಂಡನ್ ಮೇಯರ್ ಕಚೇರಿಯ ಬೆಂಬಲದಿಂದ ಅಲ್ಲಿನ ಹಲವು ಬರೋಗಳು (ನಗರದೊಳಗಿನ ಕೌನ್ಸಿಲ್‌ಗಳು) ಹೀಗೆ ಪೆನ್ಷನ್ ಕ್ರೆಡಿಟ್ ಅಭಿಯಾನ ನಡೆಸಿವೆ.

ಆದರೆ ಪತ್ರದ ಕೊನೆಯಲ್ಲಿ ಅರ್ಜಿ ಇದ್ದೇ ಇರುತ್ತದೆ. ಅದರಲ್ಲಿ 200ಕ್ಕೂ ಹೆಚ್ಚು ಪ್ರಶ್ನೆಗಳಿವೆ ಎಂಬುದು 2024ರಲ್ಲಿ ಪತ್ರಿಕೆಗಳ ಸುದ್ದಿಯಾಯಿತು. ಎಲ್ಲ ಪ್ರಶ್ನೆಗಳೂ ಎಲ್ಲರಿಗೂ ಅನ್ವಯಿಸುವುದಿಲ್ಲ, ನಿಜ, ಆದರೆ ಉತ್ತರಗಳಲ್ಲಿ ಹಲವು ಕೌನ್ಸಿಲ್‌ನ ಕಂಪ್ಯೂಟರಿನಲ್ಲಿ ಈಗಾಗಲೇ ಕೂತಿವೆ ಎಂಬುದೂ ಅಷ್ಟೇ ನಿಜ. ನೆರವು ಮಂಜೂರು ಮಾಡುವುದು ಕೇಂದ್ರದ ಇಲಾಖೆ, ವಿವರವಿರುವುದು ಕೌನ್ಸಿಲ್‌ನಲ್ಲಿ, ಎರಡರ ನಡುವೆ ಕಾಗದ ಹೊತ್ತು ಓಡಾಡಬೇಕಾದವರು ಮಾತ್ರ ಎಂಬತ್ತು ಸಮೀಪಿಸಿದ ಹಿರಿಯರು.

ಕೌನ್ಸಿಲ್‌ನ ಕೈಯಲ್ಲೇ ಇರುವ ಸವಲತ್ತುಗಳಲ್ಲಿ ಈ ಓಡಾಟ ತಪ್ಪಿಸಬಹುದು ಎಂಬುದಕ್ಕೆ ಶಾಲೆಗಳ ಉದಾಹರಣೆ ಇದೆ. ಗ್ಲ್ಯಾಸ್ಗೋ ನಗರ ತನ್ನಲ್ಲಿದ್ದ ದಾಖಲೆಗಳ ಆಧಾರದಲ್ಲೇ ಮಕ್ಕಳ ಸಮವಸ್ತ್ರದ ಹಣವನ್ನು ಅರ್ಜಿ ಇಲ್ಲದೆ ಪಾವತಿಸುವ ಪದ್ಧತಿ ತಂದಿತು. ಇಂಗ್ಲೆಂಡಿನಲ್ಲಿ ಶೆಫೀಲ್ಡ್‌ನಂತಹ ಕೌನ್ಸಿಲ್‌ಗಳು, ಬೇಡವೆನ್ನುವವರು ತಿಳಿಸಿ ಎಂದು ಪೋಷಕರಿಗೆ ಪತ್ರ ಬರೆದು, ಬೇಡವೆನ್ನದವರ ಮಕ್ಕಳನ್ನು ಉಚಿತ ಊಟದ ಪಟ್ಟಿಗೆ ತಾವೇ ಸೇರಿಸಿದವು. ಇದರಿಂದ ಶಾಲೆಗೂ ಲಾಭವಿದೆ, ಏಕೆಂದರೆ ಬಡ ಮಕ್ಕಳ ಸಂಖ್ಯೆಯ ಮೇಲೆ ಅದಕ್ಕೆ ಹೆಚ್ಚುವರಿ ಅನುದಾನ ಸಿಗುತ್ತದೆ. ಆದರೂ ಎಲ್ಲ ಕೌನ್ಸಿಲ್‌ಗಳು ಈ ದಾರಿ ಹಿಡಿಯಲಿಲ್ಲ. ಬಾಡಿಗೆ ನೆರವಿಗೆಂದು ಕೊಟ್ಟ ಮಾಹಿತಿಯನ್ನು ಮಗುವಿನ ಊಟಕ್ಕೆ ಬಳಸಬಹುದೇ ಎಂಬ ಪ್ರಶ್ನೆಗೆ ಒಂದೇ ಕಾಯ್ದೆ ಓದಿದ ಇಬ್ಬರು ಕಾನೂನು ಅಧಿಕಾರಿಗಳು ಎರಡು ಉತ್ತರ ಕೊಡುತ್ತಾರೆ. ಬೇಡವೆಂದ ಅಧಿಕಾರಿಗೆ ಯಾರೂ ವಿವರಣೆ ಕೇಳುವುದಿಲ್ಲ. ಆಗಲಿ ಎಂದವರ ತಲೆಯ ಮೇಲೆ ಮಾತ್ರ ಮಾಹಿತಿ ರಕ್ಷಣೆಯ ನಿಯಮ ತೂಗುತ್ತಿರುತ್ತದೆ.

ಆ ನಿಯಮಗಳನ್ನು ಬರೀ ಅಡ್ಡಿ ಎನ್ನಲಾಗದು. ಬ್ರಿಟನ್ನಿನಲ್ಲಿ ಕೆಲಸದ ವೀಸಾದ ಮೇಲೆ ಇರುವ ಕನ್ನಡಿಗರನ್ನೇ ನೋಡಬಹುದು. ಅವರಲ್ಲಿ ಹೆಚ್ಚಿನವರ ವೀಸಾಕ್ಕೆ ಸಾರ್ವಜನಿಕ ನಿಧಿಯಿಂದ ನೆರವು ಪಡೆಯುವಂತಿಲ್ಲ ಎಂಬ ಷರತ್ತಿದೆ. ಎಲ್ಲರಂತೆ ಕೌನ್ಸಿಲ್ ತೆರಿಗೆ ಕಟ್ಟುವುದರಿಂದ ಅವರ ಹೆಸರೂ ತೆರಿಗೆ ಪಟ್ಟಿಯಲ್ಲಿರುತ್ತದೆ. ಒಬ್ಬರೇ ವಾಸಿಸುವವರಿಗೆ ಸಿಗುವ ಶೇ 25ರ ರಿಯಾಯಿತಿ ಅವರಿಗೂ ಸಲ್ಲುತ್ತದೆ, ಆದರೆ ಕಡಿಮೆ ಆದಾಯದವರ ತೆರಿಗೆ ಇಳಿಕೆ ಸಾರ್ವಜನಿಕ ನಿಧಿಯ ಲೆಕ್ಕಕ್ಕೆ ಬರುತ್ತದೆ. ವಲಸೆಯ ಸ್ಥಿತಿ ನೋಡದೆ ಕೇವಲ ಆದಾಯದ ಮೇಲೆ ಸೇರಿಸಿಕೊಂಡರೆ, ಉಪಕಾರವೆಂದು ಮಾಡಿದ್ದು ವೀಸಾಕ್ಕೇ ಕುತ್ತು ತರಬಹುದು.

ನಂಬಿಕೆಯ ಪ್ರಶ್ನೆ ಇನ್ನೊಂದು. ನೆರವಿನ ಪತ್ರ ಬರೆಯುವ ಕೌನ್ಸಿಲ್ಲೇ ತೆರಿಗೆಯ ಬಾಕಿಯನ್ನೂ ವಸೂಲು ಮಾಡುತ್ತದೆ. ಇಂಗ್ಲೆಂಡಿನಲ್ಲಿ ಒಂದು ಕಂತು ತಪ್ಪಿ, ಎಚ್ಚರಿಕೆಯ ಪತ್ರಕ್ಕೂ ಹಣ ಕಟ್ಟದಿದ್ದರೆ ಇಡೀ ವರ್ಷದ ಉಳಿದ ತೆರಿಗೆಯನ್ನು ಒಟ್ಟಿಗೆ ಕೇಳಬಹುದು. ಮುಂದೆ ನ್ಯಾಯಾಲಯದ ಆದೇಶ, ಆಮೇಲೆ ಜಪ್ತಿಯವರು. ಹೀಗೆ ಬೆದರಿದ ಮನೆಗೆ ಅದೇ ಮುದ್ರೆಯ ಇನ್ನೊಂದು ಲಕೋಟೆ ಬಂದರೆ ಅದನ್ನು ಒಡೆಯದೆ ಬದಿಗಿಡುವುದು ಸಹಜ. ಕೆಲವು ಕೌನ್ಸಿಲ್‌ಗಳು ಈಗ ಬಾಕಿದಾರರ ಪಟ್ಟಿಯನ್ನೂ ಸವಲತ್ತು ಸಿಗದವರ ಪಟ್ಟಿಯನ್ನೂ ಎದುರುಬದುರು ಇಟ್ಟು, ವಸೂಲಿಗೆ ಮುನ್ನ ಸಲ್ಲಬೇಕಾದ್ದನ್ನು ಕೊಡಿಸಲು ನೋಡುತ್ತಿವೆ. ಲೆಕ್ಕ ನೋಡಿದರೂ ಇದೇ ಅಗ್ಗ.

2024ರ ಆ ಚಳಿಗಾಲದ ಹೊತ್ತಿಗೆ ಪೆನ್ಷನ್ ಕ್ರೆಡಿಟ್ ಅರ್ಜಿಗಳು ಪ್ರವಾಹದಂತೆ ಬಂದವು. ಬಾಡಿಗೆ ನೆರವು ಪಡೆಯುತ್ತಿದ್ದೂ ಪೆನ್ಷನ್ ಕ್ರೆಡಿಟ್ ಪಡೆಯದ ಸುಮಾರು 1,20,000 ಹಿರಿಯರಿಗೆ ಕೇಂದ್ರದ ಇಲಾಖೆಯೇ ನೇರವಾಗಿ ಪತ್ರ ಬರೆಯಿತು. ಕೌನ್ಸಿಲ್‌ಗಳು ವರ್ಷಗಳಿಂದ ಮಾಡುತ್ತಿದ್ದ ತಾಳೆ ಅದೇ. 2025ರ ಜೂನ್‌ನಲ್ಲಿ ಸರ್ಕಾರ ಹಿಂದೆ ಸರಿದು, ವರ್ಷಕ್ಕೆ 35,000 ಪೌಂಡ್‌ವರೆಗೆ ಆದಾಯವಿರುವ ಹಿರಿಯರಿಗೆಲ್ಲ ಇಂಧನ ನೆರವು ಮರಳಿಸುವುದಾಗಿ ಹೇಳಿತು. ಗದ್ದಲ ತಣ್ಣಗಾಯಿತು, ಪಡೆಯದೇ ಉಳಿದ ನೆರವಿನ ಮೊತ್ತ ತಣ್ಣಗಾಗಲಿಲ್ಲ: ಎಲ್ಲ ಬಗೆಯ ಸವಲತ್ತುಗಳನ್ನೂ ರಿಯಾಯಿತಿಗಳನ್ನೂ ಸೇರಿಸಿ ಅದು ವರ್ಷಕ್ಕೆ ಸುಮಾರು 2,300 ಕೋಟಿ ಪೌಂಡ್ ಎಂದು ಪಾಲಿಸಿ ಇನ್ ಪ್ರಾಕ್ಟೀಸ್ 2024ರಲ್ಲಿ ಅಂದಾಜಿಸಿತ್ತು.

ಈಗ ಕೌನ್ಸಿಲ್‌ಗಳ ಮುಂದಿರುವ ತೊಡಕು ಬೇರೆ ತೆರನದು. ದುಡಿಯುವ ವಯಸ್ಸಿನವರ ಬಾಡಿಗೆ ನೆರವು ಬಹುಮಟ್ಟಿಗೆ ಯೂನಿವರ್ಸಲ್ ಕ್ರೆಡಿಟ್‌ಗೆ ಸೇರಿಹೋಗುತ್ತಿದೆ. ಹಿರಿಯರ ಬಾಡಿಗೆ ನೆರವನ್ನೂ ಪೆನ್ಷನ್ ಕ್ರೆಡಿಟ್ ಜೊತೆ ಒಂದುಗೂಡಿಸುವ ಯೋಜನೆ ಸರ್ಕಾರದ ಮುಂದಿದೆ. ಒಂದುಗೂಡಿದರೆ ಹಿರಿಯರಿಗೆ ಒಂದು ಅರ್ಜಿ ಉಳಿಯುತ್ತದೆ. ಆದರೆ ನಾಲ್ಕು ದಶಕಗಳಿಂದ ಕೌನ್ಸಿಲ್‌ನ ಕೈಯಲ್ಲಿದ್ದ ವಿವರ ಪೂರ್ತಿಯಾಗಿ ಕೇಂದ್ರದ ಇಲಾಖೆಗೆ ಹೋಗುತ್ತದೆ. ಅದರಲ್ಲಿ ಎಷ್ಟನ್ನು, ಯಾವ ಕೆಲಸಕ್ಕೆ ಕೌನ್ಸಿಲ್‌ಗಳಿಗೆ ಮರಳಿ ಕೊಡಬೇಕು ಎಂಬುದರ ಮೇಲೆ ಚೌಕಾಸಿ ಇನ್ನೂ ನಡೆದೇ ಇದೆ.