ನಾಶಕ್ಕೆ ಆದೇಶವಾದ ಚಿತ್ರ, ಉಳಿದುಬಂದ ಪಿಶಾಚಿ

ರಕ್ತ ಹೀರುವ ಪಿಶಾಚಿ ಬಿಸಿಲು ತಾಗಿದರೆ ಸಾಯುತ್ತದೆಂಬುದು ಇಂದು ಭಯಾನಕ ಚಿತ್ರ ನೋಡುವವರಿಗೆಲ್ಲ ಗೊತ್ತು. ಆದರೆ 1897ರಲ್ಲಿ ಬಂದ ಬ್ರಾಮ್ ಸ್ಟೋಕರ್ ಕಾದಂಬರಿಯಲ್ಲಿ ಡ್ರಾಕುಲಾ ಹಾಡಹಗಲೇ ಲಂಡನ್ನಿನ ಬೀದಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಅವನು ಸಾಯುವುದು ಚೂರಿಯ ಏಟಿಗೆ. ಬಿಸಿಲಿನ ಸಾವು ತೆರೆಗೆ ಬಂದದ್ದು 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’ವಿನಿಂದ. ಕೋರ್ಟಿನ ಮಾತು ನಡೆದಿದ್ದರೆ ಆ ಚಿತ್ರದ ಒಂದು ಪ್ರತಿಯೂ ಉಳಿಯುತ್ತಿರಲಿಲ್ಲ.

ಬರ್ಲಿನ್ನಿನ ಪ್ರಾಣಾ ಫಿಲ್ಮ್ ಸಂಸ್ಥೆ ಕಾದಂಬರಿಯ ಹಕ್ಕು ಪಡೆಯದೆಯೇ ಚಿತ್ರಕ್ಕೆ ಕೈಹಾಕಿತ್ತು. ಚಿತ್ರಕಥೆ ಬರೆದ ಹೆನ್ರಿಕ್ ಗಲೀನ್ ಲಂಡನ್ನನ್ನು ಕಲ್ಪಿತ ಜರ್ಮನ್ ಊರಾಗಿಸಿ, ಡ್ರಾಕುಲಾನನ್ನು ಕೌಂಟ್ ಓರ್ಲಾಕ್ ಎಂದು ಕರೆದರು. ಇಷ್ಟೆಲ್ಲ ಜಾಣತನ ತೋರಿದವರು ಚಿತ್ರದ ಆರಂಭದ ಬರಹದಲ್ಲಿ ಮಾತ್ರ ಇದು ಸ್ಟೋಕರ್ ಕಾದಂಬರಿಯನ್ನು ಆಧರಿಸಿದ್ದೆಂದು ತಾವೇ ಬರೆದುಕೊಂಡರು! ಲೇಖಕರ ವಿಧವೆ ಫ್ಲಾರೆನ್ಸ್ ಸ್ಟೋಕರ್ ಬ್ರಿಟಿಷ್ ಲೇಖಕರ ಸಂಘದ ನೆರವಿನಿಂದ ಮೊಕದ್ದಮೆ ಹೂಡಿದರು. ಅಷ್ಟರಲ್ಲಿ ಸಂಸ್ಥೆ ದಿವಾಳಿಯಾಗಿದ್ದರಿಂದ ಹಣ ದಕ್ಕುವ ಆಸೆ ಉಳಿಯಲಿಲ್ಲ. ಕೊನೆಗೆ 1925ರಲ್ಲಿ ಎಲ್ಲ ಪ್ರತಿಗಳನ್ನೂ ನಾಶಪಡಿಸಬೇಕೆಂದು ಬರ್ಲಿನ್ ನ್ಯಾಯಾಲಯ ಆದೇಶಿಸಿತು. ಫ್ಲಾರೆನ್ಸ್ ಅವರದು ಹಟವೆಂದು ಸಿನಿಮಾಪ್ರಿಯರು ಆಡಿಕೊಳ್ಳುವುದುಂಟು. ಗಂಡನ ಪುಸ್ತಕದ ಆದಾಯವನ್ನೇ ನೆಚ್ಚಿದ್ದ ಮುದುಕಿಯ ಕಡೆ ನ್ಯಾಯವಿತ್ತೆಂಬುದನ್ನು ಒಪ್ಪಲೇಬೇಕು.

ಆದರೆ ಪ್ರತಿಗಳು ಆ ವೇಳೆಗೆ ಗಡಿ ದಾಟಿದ್ದವು. ಅಮೆರಿಕದಲ್ಲಿ ಕಾದಂಬರಿಗೆ ಹಕ್ಕುಸ್ವಾಮ್ಯದ ರಕ್ಷಣೆಯೇ ಇರಲಿಲ್ಲವಾದ್ದರಿಂದ 1929ರಲ್ಲಿ ಚಿತ್ರ ಅಲ್ಲಿಯೂ ಪ್ರದರ್ಶನಗೊಂಡಿತು. ಹೀಗೆ ಉಳಿದವು ಪ್ರತಿಯಿಂದ ಪ್ರತಿ ಮಾಡಿದ, ಸವೆದುಹೋದ ರೀಲುಗಳು. ನಿರ್ದೇಶಕ ಎಫ್. ಡಬ್ಲ್ಯು. ಮುರ್ನಾವ್ ರಾತ್ರಿಯ ದೃಶ್ಯಗಳನ್ನು ಹಗಲಲ್ಲೇ ಚಿತ್ರಿಸಿದ್ದರು; ಇರುಳೆಂದು ತೋರಲು ಆ ತುಣುಕುಗಳಿಗೆ ನೀಲಿ ಬಣ್ಣ ಹಾಯಿಸಲಾಗುತ್ತಿತ್ತು. ಬಣ್ಣವಿಲ್ಲದ ಪ್ರತಿಗಳಲ್ಲಿ, ಬಿಸಿಲಿಗೆ ಸಾಯಬೇಕಾದ ಓರ್ಲಾಕ್ ತನ್ನ ಶವಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಬೆಳ್ಳನೆಯ ಹಗಲಿನಲ್ಲಿ ಊರು ಸುತ್ತುವಂತೆ ಕಾಣುತ್ತದೆ. ದಶಕಗಳ ಕಾಲ ಬಹುಪಾಲು ಪ್ರೇಕ್ಷಕರು ನೋಡಿದ್ದು ಇದನ್ನೇ. ನೀಲಿ ಮರಳಿದ್ದು ನಂತರ ಹಳೆಯ ಚಿತ್ರವನ್ನು ದುರಸ್ತಿ ಮಾಡಿದಾಗ.

ಅಷ್ಟಾದರೂ ನಟ ಮ್ಯಾಕ್ಸ್ ಶ್ರೆಕ್ ಅವರ ಓರ್ಲಾಕ್ ಮಾಸಲಿಲ್ಲ. ಬೋಳು ತಲೆ, ಚೂಪು ಕಿವಿ, ಇಲಿಯಂತೆ ನಡುವೆ ಚಾಚಿದ ಹಲ್ಲು, ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಏರುವ ನೆರಳಿನ ಉದ್ದುದ್ದ ಬೆರಳುಗಳು. 1931ರಲ್ಲಿ, ಹಕ್ಕು ಖರೀದಿಸಿ ತೆಗೆದ ಹಾಲಿವುಡ್ ಚಿತ್ರದಲ್ಲಿ ಬೆಲಾ ಲುಗೋಸಿ ತೋರಿದ ಸೂಟುಧಾರಿ ಡ್ರಾಕುಲಾನಲ್ಲಿ ಸೆಳೆತವಿದೆ. ಓರ್ಲಾಕ್‌ನಲ್ಲಿ ಇರುವುದು ಪ್ಲೇಗಿನ ಭಯ.

1979ರಲ್ಲಿ ವರ್ನರ್ ಹರ್ಜೋಗ್ ಈ ಚಿತ್ರವನ್ನು ಮತ್ತೆ ತೆಗೆಯುವಾಗ ಕಾದಂಬರಿಯ ಹಕ್ಕಿನ ಅವಧಿ ಮುಗಿದಿತ್ತು. ಅವರು ಖಳನಿಗೆ ಡ್ರಾಕುಲಾ ಎಂಬ ಹೆಸರನ್ನು ಮರಳಿಸಿದರು, ಮುಖ ಮಾತ್ರ ಶ್ರೆಕ್‌ನದನ್ನೇ ಇಟ್ಟರು. 2024ರಲ್ಲಿ ರಾಬರ್ಟ್ ಎಗ್ಗರ್ಸ್ ಮಾಡಿದ್ದು ಇದಕ್ಕೆ ತದ್ವಿರುದ್ಧ: ಹೆಸರು ಓರ್ಲಾಕ್, ಮುಖದ ಮೇಲೆ ಸ್ಟೋಕರ್ ಬರೆದಿದ್ದ ದಪ್ಪ ಮೀಸೆ.