ಬೂದಿ ಮುಚ್ಚಿದ ಕೆಂಡ: ಎಳೆಯ ನಕ್ಷತ್ರಗಳನ್ನು ಎಣಿಸುವುದು ಹೇಗೆ?

ಡಿಸೆಂಬರ್ ರಾತ್ರಿ ಧಾರವಾಡದ ಸಪ್ತಾಪುರದಲ್ಲಿ ನಮ್ಮ ರೂಮಿನ ತಾರಸಿಗೆ ಹೋದರೆ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜ ಚೆಂದ ಕಾಣುತ್ತದೆ. ಅಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ಆದರೆ ತೀರಾ ಎಳೆಯವು ಸಾಮಾನ್ಯ ಬೆಳಕಿನ ದೂರದರ್ಶಕಕ್ಕೆ ಸಿಗುವುದಿಲ್ಲ. ಸುತ್ತ ಅಷ್ಟು ಧೂಳು.

ಗದಗ ಹತ್ತಿರದ ನಮ್ಮೂರಲ್ಲಿ ಆಯಿ ರೊಟ್ಟಿ ಬಡಿದು ಮುಗಿದ ಮೇಲೆ ಒಲೆಯ ಕೆಂಡಕ್ಕೆ ಬೂದಿ ಮುಚ್ಚುತ್ತಿದ್ದಳು. ಕಣ್ಣಿಗೆ ಬರೀ ಬೂದಿ. ಪಕ್ಕದಿಂದ ಅಂಗೈ ಹಿಡಿದರೆ ಮಾತ್ರ ಬಿಸಿ ತಾಗುತ್ತಿತ್ತು. ಆ ಬಿಸಿ ಬರುವುದು ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಕಿರಣವಾಗಿ. ನಕ್ಷತ್ರದ ಸುತ್ತಲಿನ ಧೂಳೂ ಹಾಗೇ. ಬೆಳಕನ್ನು ನುಂಗುತ್ತದೆ, ಬೆಚ್ಚಗಾಗುತ್ತದೆ, ಅವಕೆಂಪಾಗಿ ಹೊರಗೆ ಬಿಡುತ್ತದೆ. ಪರೀಕ್ಷೆಯಲ್ಲಿ ನಾವು ‘ಅವಕೆಂಪು ಧೂಳನ್ನು ದಾಟಿ ಬರುತ್ತದೆ’ ಎಂದಷ್ಟೇ ಬರೆಯುತ್ತೇವೆ. ಅದು ಅರ್ಧ ಉತ್ತರ. ಧೂಳೇ ಅವಕೆಂಪಿನಲ್ಲಿ ಹೊಳೆಯುತ್ತದೆ ಎನ್ನುವುದು ಇನ್ನರ್ಧ, ನನಗೆ ಅದೇ ಮುಖ್ಯ ಅನ್ನಿಸುತ್ತದೆ.

ಯಾಕೆಂದರೆ ವಯಸ್ಸು ಗೊತ್ತಾಗುವುದು ಅದರಿಂದಲೇ. 2ರಿಂದ 20 ಮೈಕ್ರಾನ್‌ (ಮಿಲಿಮೀಟರಿನ ಸಾವಿರದ ಒಂದು ಪಾಲು) ತರಂಗದೂರದವರೆಗೆ ಎಷ್ಟೆಷ್ಟು ಶಕ್ತಿ ಬರುತ್ತದೆ ಎಂದು ಗ್ರಾಫಿನಲ್ಲಿ ಗೆರೆ ಎಳೆಯಿರಿ. ತರಂಗದೂರ ಹೆಚ್ಚಿದಂತೆ ಗೆರೆ ಏರುತ್ತಿದ್ದರೆ ವರ್ಗ 1, ಧೂಳಿನ ಹೊದಿಕೆ ಇನ್ನೂ ಇದೆ. ಸಪಾಟಾಗಿದ್ದರೆ ನಡುವಿನ ಹಂತ. ನಿಧಾನವಾಗಿ ಇಳಿದರೆ ವರ್ಗ 2, ನಕ್ಷತ್ರದ ಸುತ್ತ ತಿರುಗುವ ಚಪ್ಪಟೆ ಧೂಳಿನ ತಟ್ಟೆಯಷ್ಟೇ ಉಳಿದಿದೆ. ಬರಿಯ ನಕ್ಷತ್ರದಂತೆ ಕಡಿದಾಗಿ ಇಳಿದರೆ ವರ್ಗ 3.

2003ರಲ್ಲಿ ಹಾರಿದ ಸ್ಪಿಟ್ಜರ್ ಎಂಬ ಅವಕೆಂಪು ಬಾಹ್ಯಾಕಾಶ ದೂರದರ್ಶಕದ ಕನ್ನಡಿ ಬರೀ 85 ಸೆಂಟಿಮೀಟರ್. ಅದರಿಂದ ಪರ್ಸಿಯಸ್, ಒಫಿಯೂಕಸ್, ಸರ್ಪೆನ್ಸ್, ಲೂಪಸ್, ಕೆಮೀಲಿಯನ್ ಎಂಬ ಐದು ಕಡೆಯ, ನಕ್ಷತ್ರ ಹುಟ್ಟುವ ಅನಿಲ-ಧೂಳಿನ ಮೋಡಗಳನ್ನು ಸರ್ವೆ ಮಾಡಿದಾಗ 1024 ಎಳೆಯ ನಕ್ಷತ್ರಗಳು ಸಿಕ್ಕವು. ಶೇ. 16 ವರ್ಗ 1, ಶೇ. 12 ಸಪಾಟು, ಶೇ. 60 ವರ್ಗ 2, ಶೇ. 12 ವರ್ಗ 3.

ಈಗ ಪೆನ್ನು ಹಿಡಿಯಿರಿ. ಒಂದೇ ದಿನ ಊರಿನ ಜನಗಣತಿ ಮಾಡಿದರೂ ಬಾಲ್ಯ ಎಷ್ಟು ವರ್ಷ ಎಂದು ಅಂದಾಜು ಮಾಡಬಹುದು, ಅಲ್ವಾ? ಜಾಸ್ತಿ ಕಾಲ ಉಳಿಯುವ ಹಂತದಲ್ಲಿ ಜಾಸ್ತಿ ಮಂದಿ ಸಿಗುತ್ತಾರೆ. ವರ್ಗ 2ರ ಕಾಲ 20 ಲಕ್ಷ ವರ್ಷ ಎಂದುಕೊಳ್ಳಿ. 16ನ್ನು 60ರಿಂದ ಭಾಗಿಸಿ 20 ಲಕ್ಷದಿಂದ ಗುಣಿಸಿ. ವರ್ಗ 1ಕ್ಕೆ ಸುಮಾರು 5 ಲಕ್ಷ ವರ್ಷ ಬರುತ್ತದೆ! ಮೊದಲ ಸಲ ಈ ಲೆಕ್ಕ ನನ್ನ ಕೈಯಲ್ಲೇ ಬಂದಾಗ ಎರಡು ಸಲ ಮಾಡಿ ನೋಡಿದೆ. ಮೋಡದಲ್ಲಿ ಇಷ್ಟು ಕಾಲವೂ ನಕ್ಷತ್ರಗಳು ಒಂದೇ ವೇಗದಲ್ಲಿ ಹುಟ್ಟುತ್ತಿದ್ದರೆ ಮಾತ್ರ ಇದು ಸರಿ. ಆ ಷರತ್ತನ್ನು ಉತ್ತರದಲ್ಲಿ ಬರೆಯಲೇಬೇಕು.

ಎರಡು ಕಡೆ ಮೋಸ ಹೋಗುವ ಸಂಭವ ಇದೆ. ಮೋಡದ ಹಿಂದಿನ ದೂರದ ಗ್ಯಾಲಕ್ಸಿಗಳೂ ಕೆಂಪಗೆ ಕಂಡು ಎಳೆಯ ನಕ್ಷತ್ರದ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ. ಅದಕ್ಕೇ ಮೋಡವಿಲ್ಲದ ಆಕಾಶದ ಜೊತೆ ಹೋಲಿಸಿ ಅವನ್ನು ತೆಗೆಯುತ್ತಾರೆ. ಇನ್ನು, ತಟ್ಟೆ ಅಂಚಿನ ಕಡೆಯಿಂದ ಕಂಡರೆ ವರ್ಗ 2ರ ನಕ್ಷತ್ರವೂ ವರ್ಗ 1ರಂತೆ ತೋರುತ್ತದೆ.

ವರ್ಗ 3ರ ಶೇ. 12ನ್ನು ಮಾತ್ರ ಹಾಗೇ ನಂಬಬೇಡಿ. ಅಲ್ಲಿ ಬೂದಿಯೇ ಹೆಚ್ಚು ಉಳಿದಿಲ್ಲ, ಹಾಗಾಗಿ ಅವಕೆಂಪು ಸರ್ವೆಗೆ ಎಷ್ಟೋ ತಪ್ಪಿಹೋಗುತ್ತವೆ. ಅವನ್ನು ಹುಡುಕಲು ಎಕ್ಸ್-ರೇ ದೂರದರ್ಶಕ ಬೇಕು.