ಲೈಟ್‌ಹೌಸ್ ಸರಿಸುವ ಬದಲು ತಡೆಗೋಡೆ ಸಾಕಲ್ಲವೇ?

ಪ್ರಶ್ನೆ: ಅಮೆರಿಕದಲ್ಲಿ ಕಡಲ್ಕೊರೆತಕ್ಕೆ ಹೆದರಿ ಇಡೀ ಲೈಟ್‌ಹೌಸನ್ನೇ ಸರಿಸಿದರಂತೆ. ಅಷ್ಟು ದುಡ್ಡು ಸುರಿಯುವ ಬದಲು ಕಲ್ಲಿನ ತಡೆಗೋಡೆ ಕಟ್ಟಿದ್ದರೆ ಆಗುತ್ತಿರಲಿಲ್ಲವೇ? ನಮ್ಮ ಕಾಪು ಲೈಟ್‌ಹೌಸಿಗೂ ಮುಂದೆ ಇದೇ ಗತಿಯೇ?

ಉತ್ತರ: ಗೋಡೆ ಗೋಪುರವನ್ನು ಉಳಿಸುತ್ತಿತ್ತೇನೋ, ಸುತ್ತಲಿನ ನೆಲವನ್ನಲ್ಲ. ನೀವು ಕೇಳುತ್ತಿರುವುದು ನಾರ್ತ್ ಕ್ಯಾರೊಲಿನಾದ ಕೇಪ್ ಹ್ಯಾಟರಸ್ ಲೈಟ್‌ಹೌಸ್ ಬಗ್ಗೆ. ಅದು ನಿಂತಿದ್ದು ಬರೀ ಮರಳಿನ ದ್ವೀಪದ ಮೇಲೆ, ಅದೂ ಚಂಡಮಾರುತಗಳ ಹಾದಿಯಲ್ಲಿ. 1870ರಲ್ಲಿ ದೀಪ ಹೊತ್ತಿಸಿದಾಗ ಕಡಲು ಸುಮಾರು 1,500 ಅಡಿ ದೂರವಿತ್ತು. 1970ರ ಹೊತ್ತಿಗೆ 120 ಅಡಿ. ಗೋಡೆಗೆ ಬಡಿದು ವಾಪಸಾಗುವ ಅಲೆ ಅದರ ಬುಡದ ಮರಳನ್ನೇ ಕೆರೆದೊಯ್ಯುತ್ತದೆ. ಗೋಡೆಯಿಲ್ಲದ ಅಕ್ಕಪಕ್ಕದ ದಂಡೆಯಂತೂ ಹಿಂದೆ ಸರಿಯುತ್ತಲೇ ಇರುತ್ತದೆ. ಕೊನೆಗೆ ಗೋಪುರ ನೀರಿನ ನಡುವೆ ಒಂಟಿ. ದಡದಿಂದ ಕಡಲೊಳಕ್ಕೆ ಚಾಚಿದ ಮೂರು ಅಡ್ಡಗೋಡೆಗಳನ್ನೂ (ಗ್ರೋಯಿನ್) ಕಟ್ಟಿ ನೋಡಿದ್ದರು. ಆದರೆ ಗ್ರೋಯಿನ್ ಒಂದು ಮಗ್ಗುಲಲ್ಲಿ ಹಿಡಿದಿಟ್ಟ ಮರಳು ಇನ್ನೊಂದು ಮಗ್ಗುಲಿಗೆ ತಪ್ಪಿದ ಮರಳು.

ದೊಡ್ಡ ಅಪಾಯವಿದ್ದದ್ದು ಅಡಿಪಾಯದಲ್ಲಿ. ತಳದಲ್ಲಿ ಪೈನ್ ಮರದ ಹಾಸು, ಅದರ ಮೇಲೆ ಗ್ರಾನೈಟ್. ನೆಲದಡಿಯ ಸಿಹಿನೀರಿನಲ್ಲಿ ಮುಳುಗಿ ಗಾಳಿ ಸೋಕದಿರುವವರೆಗೆ ಮರ ಕೊಳೆಯದು. ಮರಳು ಕೊಚ್ಚಿಹೋಗಿ ಉಪ್ಪುನೀರು ನುಗ್ಗಿದರೆ ಆ ಲೆಕ್ಕವೇ ತಲೆಕೆಳಗು.

ಹಾಗಾಗಿ 1999ರಲ್ಲಿ ಗ್ರಾನೈಟ್ ತಳವನ್ನು ಸ್ವಲ್ಪಸ್ವಲ್ಪವೇ ಕತ್ತರಿಸುತ್ತ, ಖಾಲಿಯಾದಲ್ಲಿ ಉಕ್ಕಿನ ತೊಲೆಗಳನ್ನು ತೂರಿಸಿದರು. ಅಡಿಯಲ್ಲಿ 100 ಹೈಡ್ರಾಲಿಕ್ ಜ್ಯಾಕ್. ಅವನ್ನು ಮೂರು ಗುಂಪು ಮಾಡಿದ್ದೇ ಜಾಣತನ: ಮೂರು ಕಾಲಿನ ಮಣೆ ಹೇಗಿಟ್ಟರೂ ಅಲುಗದಂತೆ, ನೆಲ ಏರುಪೇರಾದರೂ ಭಾರ ಹಂಚಿಹೋಗಿ ಇಟ್ಟಿಗೆ ಬಿರುಕು ಬಿಡದು. ಹಿಂದಿನಿಂದ ಜ್ಯಾಕ್‌ಗಳು ಒಂದು ಸಲಕ್ಕೆ 5 ಅಡಿ ತಳ್ಳುತ್ತಿದ್ದವು. ಸುಮಾರು 4,800 ಟನ್ ತೂಕದ ಗೋಪುರ 23 ದಿನಗಳಲ್ಲಿ 2,900 ಅಡಿ ಸರಿದು, 60 ಅಡಿ ಚೌಕದ, 4 ಅಡಿ ದಪ್ಪದ ಕಾಂಕ್ರೀಟ್ ಹಾಸಿನ ಮೇಲೆ ನಿಂತಿತು.

ಕಾಪುವಿನ ಮಾತೇ ಬೇರೆ. 1901ರ ಆ ಗೋಪುರ ನಿಂತಿರುವುದು ಬಂಡೆಯ ಮೇಲೆ. ಮರಳು ಸರಿದರೂ ಬುಡ ಅಲುಗದು. ಬಂಡೆಯ ಮೇಲಿನ ಇಂಥ ಹಳೆಯ ಕಟ್ಟಡಗಳಿಗೆ ಕಾಟ ಕೊಡುವುದು ಕಲ್ಲುಗಳ ನಡುವಿನ ಸಂದುಗಳಿಗೆ ಇಳಿಯುವ ಉಪ್ಪುನೀರು. ಸುಣ್ಣದ ಗಾರೆಯ ಗೋಡೆಯ ಸಂದುಗಳಿಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಸಂದಿನಿಂದ ಹೊರಬರಲಾರದೆ ಕಲ್ಲಿನ ಮೂಲಕ ಆರುತ್ತದೆ. ಉಪ್ಪು ಅಲ್ಲೇ ಹರಳುಗಟ್ಟಿ ಕಲ್ಲಿನ ಮೇಲ್ಮೈ ಚಕ್ಕೆಯೇಳುತ್ತದೆ. ಸಂದನ್ನು ಅದರ ಅಗಲದ ಎರಡರಷ್ಟು ಆಳಕ್ಕೆ ಕೈ ಉಳಿಯಿಂದ ಕೆರೆದು ಸುಣ್ಣದ ಗಾರೆಯನ್ನೇ ತುಂಬಬೇಕು. ಮುಂಗಾರಿಗೆ ಎರಡು-ಮೂರು ತಿಂಗಳು ಮೊದಲೇ ಕೆಲಸ ಮುಗಿಸಿ, ಬಿಸಿಲಿಗೆ ಬೇಗ ಒಣಗದಂತೆ ಒದ್ದೆ ಗೋಣಿ ಹೊದಿಸಿಡಬೇಕು.